ಒಂದು ಮಳೆಯ ಮಣ್ಣು

ತೊಟ್ಟಿಯನ್ನು ಇಷ್ಟು ಚೊಕ್ಕವಾಗಿ ತೊಳೆದದ್ದನ್ನು ಅಹಲ್ಯಾ ಈ ನಾಲ್ಕು ವರ್ಷಗಳಲ್ಲಿ ನೋಡಿರಲಿಲ್ಲ. ಸಿಮೆಂಟಿನ ಒಳಮೈ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಮೂಲೆಗಳಲ್ಲಿ ಎಂದೂ ಬಿಡದೆ ಅಂಟಿಕೊಂಡಿರುತ್ತಿದ್ದ ಕೆಂಪು ಗೆರೆ ಕೂಡ ಮಾಯವಾಗಿತ್ತು. ತೆಂಗಿನ ನಾರು ಹಾಕಿ ತಿಕ್ಕಿದ್ದಳು ಪುಣ್ಯಾತ್ಗಿತ್ತಿ. ಕಾವಲಿನ ಗದಿಗೆಮ್ಮ ಕಸಬರಿಗೆ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್‌ಸ್ಪೆಕ್ಟರ ಮುಂದೆ ನಿಂತ ಹಳ್ಳಿ ಶಾಲೆಯ ಮೇಷ್ಟರ ಹಾಗೆ ಪಕ್ಕದಲ್ಲೇ ನಿಂತಿದ್ದಳು. ಭೇಷ್ ಅನ್ನಲಿ ಎಂದು ಕಾಯುತ್ತಿದ್ದಳು ಅನ್ನುವುದು ಮುಖ ನೋಡಿದರೇ ಗೊತ್ತಾಗುತ್ತಿತ್ತು.

“ಭಾಳ ಹೂಳು ಬಂದಿತ್ರಿ ಮೇಡಮ್ಮಾರ,” ಅಂದಳು. “ಗೇಣುದ್ದ ಕುಂತಿತ್ತು. ಎಲ್ಲಾ ತಗದು ಸ್ವಚ್ಛ ಮಾಡೀನಿ.”

“ತೆಗೆದು ಎಲ್ಲಿ ಹಾಕಿದೆ?”

“ಕೆಳಗಿನ ಉಸುಕು ಅಲ್ಲಿ ಗುಂಪಿ ಹಾಕೀನಿ ನೋಡ್ರಿ. ಮ್ಯಾಲಿನ ಸಣ್ಣ ಮಣ್ಣು ಮಂದಿ ಒಯ್ದರು. ಇವತ್ತು ಮಣ್ಣೆತ್ತಿನ ಅಮಾಸಿ ಅಲ್ರಿ? ಎತ್ತು ಮಾಡಾಕ ಮಣ್ಣು ಬೇಕಲ್ರಿ. ಈ ಊರಾಗ ಎಲ್ಲಿ ಸಿಗತೈತಿ, ಬರೇ ಮೊರಂ, ಬರೇ ಸಿಮಿಟು. ನಮ್ಮ ತೊಟ್ಯಾಗಿಂದು ಬೆಣ್ಣಿ ಆಗಿತ್ರಿ.”

ಬೆಣ್ಣೆ. ಅಹಲ್ಯಾಳ ಮೈಯೆಲ್ಲ ಉರಿದುಹೋಯಿತು. ನಾಲ್ಕು ವರ್ಷ ಈ ಗುಡ್ಡದ ಇಳಿಜಾರಿನಲ್ಲಿ ಅವಳು ಕಾದದ್ದೆಲ್ಲ ಆ ಬೆಣ್ಣೆಗೇ. ಮಣಿಕೊಂಡದ ಹಿಂದಿನ ಈ ಗುಡ್ಡದ ಮೇಲೆ ಅವಳ ಸಂಶೋಧನಾ ಸಂಸ್ಥೆಯ ಮೂರು ತಾಕುಗಳಿದ್ದವು: ಒಂದರಲ್ಲಿ ಹುಲ್ಲು, ಒಂದರಲ್ಲಿ ಜೋಳ, ಮೂರನೆಯದನ್ನು ಸುತ್ತಲಿನ ಬಿಲ್ಡರುಗಳು ಗುಡ್ಡ ಕಡಿದು ಬಿಟ್ಟಿರುವ ಹಾಗೇ ಯಂತ್ರದಿಂದ ಕೆತ್ತಿಸಿ ಬೋಳಾಗಿ ಬಿಟ್ಟದ್ದು. ಪ್ರತಿಯೊಂದಕ್ಕೂ ಸುತ್ತ ತಗಡಿನ ಬೇಲಿ, ಕೆಳತುದಿಯಲ್ಲಿ ಒಂದು ತೊಟ್ಟಿ. ಮಳೆ ಬಂದಾಗ ತಾಕಿನಿಂದ ಕೊಚ್ಚಿಕೊಂಡು ಬಂದ ಮಣ್ಣು ತೊಟ್ಟಿಯಲ್ಲಿ ಕೂರುತ್ತದೆ. ಮಾರನೆಯ ಬೆಳಿಗ್ಗೆ ಅದನ್ನು ತೆಗೆದು ಒಣಗಿಸಿ ತೂಗಬೇಕು. ಇಷ್ಟೇ ವಿಜ್ಞಾನ. ‘ಮಣ್ಣು ಹೊರೋದಕ್ಕೆ ಪಿಎಚ್‌ಡಿ ಬೇರೆ ಮಾಡಬೇಕಿತ್ತೇನೇ’ ಎಂದು ಮೈಸೂರಿನಿಂದ ಅಮ್ಮ ಫೋನಿನಲ್ಲಿ ಅನ್ನುತ್ತಿದ್ದಳು. ಅಮ್ಮನಿಗೆ ಹೇಗೆ ಹೇಳುವುದು, ವರ್ಷವಿಡೀ ಹೋಗುವ ಮಣ್ಣಿನಲ್ಲಿ ಮುಕ್ಕಾಲು ಪಾಲು ಒಂದೋ ಎರಡೋ ಮಳೆಯಲ್ಲೇ ಹೋಗಿಬಿಡುತ್ತದೆ, ಉಳಿದವು ನೆಲ ಒದ್ದೆ ಮಾಡುವ ಮಳೆಗಳು, ಆ ಒಂದು ಮಳೆಯನ್ನು ಹಿಡಿದು ತೂಗಿದರೆ ಮಾತ್ರ ತಾನು ಕಟ್ಟಿದ ಸೂತ್ರ ಸರಿಯೋ ಅಲ್ಲವೋ ತಿಳಿಯುವುದು, ಎಲ್ಲ ಲೆಕ್ಕಕ್ಕೂ ಅರ್ಥ ಬರುವುದು ಎಂದು. ಮೂರು ವರ್ಷ ಆ ಮಳೆ ಈ ಗುಡ್ಡಕ್ಕೆ ಬರಲಿಲ್ಲ. ಸನತ್‌ನಗರಕ್ಕೆ ಬಂತು, ಚಾರ್ಮಿನಾರಿಗೆ ಬಂತು, ಇಲ್ಲಿಗೆ ಬರಲಿಲ್ಲ. ಇದೇ ಕೊನೆಯ ಮಳೆಗಾಲ. ದಸರಾ ಕಳೆದರೆ ತಾಕುಗಳನ್ನು ನೆಲಸಮ ಮಾಡಿ ಜಾಗವನ್ನು ಐಟಿ ಪಾರ್ಕಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. ನಿನ್ನೆ ಸಂಜೆ ಬಂತು ಆ ಮಳೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇದು ಬಾಯಿಗೇ ಬಂದು ಗಂಟಲಿಗಿಳಿಯುವ ಮೊದಲು ಯಾರೋ ಬೆರಳು ಹಾಕಿ ತೆಗೆದಂತಾಯಿತು.

ಆ ಉರಿಯಲ್ಲೇ ಅವಳು ಸತೀಶನಿಗೆ ಫೋನು ಮಾಡಿದ್ದು. ಸತೀಶ ಈ ಯೋಜನೆಯ ಮುಖ್ಯಸ್ಥ, ಬೆಂಗಳೂರಿನವನು, ಎಲ್ಲ ತಾಪತ್ರಯವನ್ನೂ ಊಟದ ಮುಂಚೆ ಮುಗಿಸಿಬಿಡಬೇಕೆನ್ನುವ ಜಾತಿ. “ಸರ್, ಬೋಳು ತಾಕಿನ ತೊಟ್ಟಿ ಖಾಲಿ ಮಾಡಿಬಿಟ್ಟಿದಾಳೆ ಸರ್ ಗದಿಗೆಮ್ಮ. ಮಣ್ಣು ಯಾರ್ಯಾರಿಗೋ ಕೊಟ್ಟಿದಾಳೆ.” ಆ ಕಡೆಯಿಂದ ಸತೀಶ, “ನಿಮಗೆ ಹೇಳದೇ ಕೇಳದೇನಾ?” ಅಂದ. ಆ ಪ್ರಶ್ನೆಗೆ ಅಹಲ್ಯಾ “ಹೂಂ ಸರ್” ಅಂದಳು. ಹಾಗೆ ಅನ್ನುತ್ತಿರುವಾಗಲೇ, ಬೆಳಿಗ್ಗೆ ಬಿಲ್ಡರನ ಮಾದರಿ ಫ್ಲ್ಯಾಟಿನಲ್ಲಿದ್ದಾಗ ಹೆಗಲ ಬ್ಯಾಗಿನೊಳಗೆ ಫೋನು ಎರಡು ಸಲ ನಡುಗಿ ಸುಮ್ಮನಾದದ್ದು ನೆನಪಾಯಿತು. ನೆನಪಾದ ಮೇಲೂ ಬಾಯಿ ‘ಹೂಂ’ ಅನ್ನುವುದನ್ನು ಮುಗಿಸಿತು. “ನೀವು ಟೆನ್ಷನ್ ತಗೋಬೇಡಿ, ನಾನು ನೋಡ್ಕೋತೀನಿ,” ಎಂದು ಸತೀಶ ಇಟ್ಟುಬಿಟ್ಟ.

ಫೋನು ತೆರೆದು ನೋಡಿದರೆ ಎರಡೂ ಮಿಸ್ಡ್ ಕಾಲ್ ಹುಸೇನಪ್ಪನ ನಂಬರಿನವು. ಹುಸೇನಪ್ಪ ಅಂದರೆ ಕೆಳಗಿನ ಕಟ್ಟಡದ ಗೌಂಡಿ, ಗದಿಗೆಮ್ಮನ ಕಡೆಯವನೇ, ರಾಯಚೂರಿನ ದೇವದುರ್ಗದ ಸುತ್ತಿನವನು. ಗದಿಗೆಮ್ಮನಿಗೆ ಫೋನಿಲ್ಲ, ಅವನದರಿಂದಲೇ ಕೊಡುತ್ತಿದ್ದಳು. ಆ ಏರ್ಪಾಡು ಮಾಡಿದವಳೂ ಅಹಲ್ಯಾಳೇ. ಅಮೀರ್‌ಪೇಟ್‌ನ ಮನೆಯಿಂದ ಪ್ರತಿ ತುಂತುರಿಗೂ ಓಡಿಬರಲಾಗದೆ, ಹೋದ ವರ್ಷ ಅವಳೇ ಇವಳನ್ನು ಕೂರಿಸಿ ಹೇಳಿಕೊಟ್ಟಿದ್ದಳು: ಮಳೆ ಬಂದ ಮಾರನೆ ದಿನ ಒಂದು ಮಿಸ್ಡ್ ಕಾಲ್ ಕೊಡು, ನಾನು ತಿರುಗಿ ಮಾಡಿದರೆ ತೊಟ್ಟಿ ಮುಟ್ಟಬೇಡ, ಬರ್ತೀನಿ ಅಂತ ಅರ್ಥ, ಮಾಡಲಿಲ್ಲ ಅಂದರೆ ಆ ಮಳೆ ನಮಗೆ ಬೇಡ, ತೊಳೆದುಬಿಡು. ಹೋದ ವರ್ಷವೆಲ್ಲ ಹಾಗೇ ನಡೆಯಿತು. ಬೇಡವಾದ ಮಳೆಗಳೇ ಎಲ್ಲ. ಈ ಸಲವೂ ಗದಿಗೆಮ್ಮ ಹೇಳಿದಂತೆಯೇ ಮಾಡಿದ್ದಳು, ಒಂದರ ಬದಲು ಎರಡು ಕೊಟ್ಟು, ಜನ ಬುಟ್ಟಿ ಹಿಡಿದು ನಿಂತಿದ್ದರೂ ಒಂಬತ್ತರ ತನಕ ಕಾದು. ಇದೆಲ್ಲ ಹೊಳೆದದ್ದೇ ಅಹಲ್ಯಾಳಿಗೆ ಗದಿಗೆಮ್ಮನ ಮೇಲೆ ಇನ್ನಷ್ಟು ಸಿಟ್ಟು ಬಂತು. ಇಷ್ಟೊಂದು ಮಳೆ ಹೊಡೆದಿರುವಾಗ ಮನುಷ್ಯರಿಗೆ ಸ್ವಂತ ಬುದ್ಧಿ ಅನ್ನುವುದು ಬೇಡವೇ? ಹೇಳಿದ್ದನ್ನು ಹೇಳಿದ ಹಾಗೇ ಮಾಡುವವರ ಜೊತೆ ಹೇಗೆ ಬಾಳುವುದು?

ಎಲ್ಲಕ್ಕೂ ಪ್ರಜ್ವಲ ಕಾರಣ ಅಂದುಕೊಳ್ಳಲು ನೋಡಿದಳು. ಗಂಡ, ಉಡುಪಿಯವನು, ಮಾಧಾಪುರದ ಗಾಜಿನ ಕಟ್ಟಡದಲ್ಲಿ ಅಮೆರಿಕದ ಯಾವುದೋ ವಿಮಾ ಕಂಪನಿಗೆ ತಂತ್ರಾಂಶ ಬರೆಯುತ್ತಾನೆ. “ಇವತ್ತು ಅಮಾವಾಸ್ಯೆ ಮಾರಾಯ್ತಿ, ಈ ತೆಲುಗರು ಯಾರೂ ಫ್ಲ್ಯಾಟ್ ನೋಡ್ಲಿಕ್ಕೆ ಬರುದಿಲ್ಲ. ಬೇಕಾದ ಮಹಡಿ ಸಿಗ್ತದೆ. ನಾಳೆ ಹೋದ್ರೆ ಜಾತ್ರೆ,” ಎಂದು ಏಳು ಗಂಟೆಗೇ ಎಬ್ಬಿಸಿ ಹೊರಡಿಸಿದ್ದ. ತಾಕಿಗೆ ಹೋಗಬೇಕು ಅಂದಿದ್ದಳು. ಮಣ್ಣು ಎಲ್ಲಿ ಓಡಿಹೋಗ್ತದೆ, ಅಲ್ಲೇ ಕೂತಿರ್ತದಲ್ಲ, ದಾರಿಯಲ್ಲೇ ಅಲ್ವಾ ಅಂದಿದ್ದ. ಆರನೆಯ ಮಹಡಿಯಲ್ಲಿ ಮಾದರಿ ಫ್ಲ್ಯಾಟು. ಟೈ ಕಟ್ಟಿದ ಹುಡುಗ ತೆಲುಗು ಹಿಂದಿ ಎರಡನ್ನೂ ಕಲಸಿ ಮಾತಾಡುತ್ತ ಕಿಟಕಿ ಸರಿಸಿ, ಲೇಕ್ ವ್ಯೂ ಮೇಡಂ, ಅಂದ. ಕೆಳಗೆ ಕೆರೆ ಚಹಾದ ಬಣ್ಣಕ್ಕೆ ತಿರುಗಿತ್ತು. ಈ ಕಟ್ಟಡಕ್ಕಾಗಿ ಕಡಿದ ಗುಡ್ಡದ ಮಣ್ಣೇ ರಾತ್ರಿಯೆಲ್ಲ ಇಳಿದು ಅಲ್ಲಿ ಸೇರಿದ್ದು ಅವಳಿಗೆ ಗೊತ್ತಾಗದೆ ಯಾರಿಗೆ ಗೊತ್ತಾಗಬೇಕು? ಅವಳು ಅದರ ಬಗ್ಗೆಯೇ ಎರಡು ಪ್ರಬಂಧ ಬರೆದಿದ್ದಳು. ಆದರೂ ಆ ಕ್ಷಣದಲ್ಲಿ ಅವಳು ಯೋಚಿಸಿದ್ದು, ಅಡಿಗೆಕಟ್ಟೆ ಪೂರ್ವಕ್ಕೆ ಬರುತ್ತದಲ್ಲ, ಬೆಳಗಿನ ಬಿಸಿಲು ಪಾತ್ರೆ ತೊಳೆಯುವ ಜಾಗಕ್ಕೆ ಬೀಳುತ್ತದಲ್ಲ ಎಂದು. ಕಪ್ಪು ಗ್ರಾನೈಟಿನ ಮೇಲೆ ಕೈಯಾಡಿಸಿದ್ದಳು. ಆಗಲೇ ಬ್ಯಾಗಿನಲ್ಲಿ ಫೋನು ನಡುಗಿದ್ದು. ಯಾರದೋ ಎಂದುಕೊಂಡಳು; ನಿಜ ಹೇಳಬೇಕೆಂದರೆ ಯಾರದು ಎಂದು ಗೊತ್ತಿತ್ತು, ಇನ್ನೊಂದು ಐದು ನಿಮಿಷ ಈ ಅಡಿಗೆಮನೆಯಲ್ಲಿ ನಿಲ್ಲೋಣ ಅನ್ನಿಸಿತ್ತು.

ಸತೀಶನಿಗೆ ತಿರುಗಿ ಒಂದು ಫೋನು, ಒಂದು ವಾಕ್ಯ. ‘ಸರ್, ಅವಳು ಕಾಲ್ ಮಾಡಿದ್ದಳು, ನಾನೇ ನೋಡಲಿಲ್ಲ.’ ಅಷ್ಟಂದರೆ ಮುಗಿಯಿತು. ಹಾಗಂದರೂ ಸತೀಶ ಬೈಯುವವನಲ್ಲ, ಅದೇ ಕಷ್ಟ. ‘ಪರವಾಗಿಲ್ಲ ಅಹಲ್ಯಾ, ಮನೆ ಕಡೆ ಕೆಲಸ ಇರುತ್ತಲ್ಲ’ ಅನ್ನುತ್ತಾನೆ, ಆಮೇಲೆ ಮುಂದಿನ ಸಭೆಯಲ್ಲಿ ಎಲ್ಲರ ಎದುರು ಅದನ್ನೇ ನಗುತ್ತ ಹೇಳುತ್ತಾನೆ. ಹೋದ ಸಲ ನಾಗಪುರದ ಸಮ್ಮೇಳನದಲ್ಲಿ ಅವಳು ಕೊಚ್ಚಿಹೋಗುವ ಮಣ್ಣಿನ ಲೆಕ್ಕ ಹೇಳಿ ವೇದಿಕೆ ಇಳಿದಾಗ, ಹಿರಿಯರೊಬ್ಬರು ಬಂದು ಕೇಳಿದ ಒಂದೇ ಪ್ರಶ್ನೆ, ಮಕ್ಕಳೆಷ್ಟು ಎಂದು. ಇಲ್ಲ ಅಂದದ್ದಕ್ಕೆ, ಹಾಗಾದರೆ ಫೀಲ್ಡ್ ವರ್ಕಿಗೆ ಅನುಕೂಲ, ಅಂದಿದ್ದರು. ಫೋನು ಕೈಯಲ್ಲಿ ಬಿಸಿಯಾಗುತ್ತಿತ್ತು. ಗದಿಗೆಮ್ಮ ಇನ್ನೂ ಅಲ್ಲೇ ನಿಂತಿದ್ದಳು. ಇವಳ ಮುಖದಲ್ಲಿ ಏನೋ ಕಂಡು ಅವಳ ಹೆಮ್ಮೆಯೆಲ್ಲ ಇಳಿದುಹೋಗಿತ್ತು.

“ಈ ಮಳಿ ಬೇಕಿತ್ತೇನ್ರಿ ಮೇಡಮ್ಮಾರ?” ಅಂದಳು ಮೆಲ್ಲಗೆ. “ನೀವು ತಿರುಗಿ ಮಾಡ್ಲಿಲ್ಲಂತ…”

“ಬೇಕಿತ್ತು,” ಅಂದಳು ಅಹಲ್ಯಾ. ಅದಕ್ಕಿಂತ ಹೆಚ್ಚು ಹೇಳಿದರೆ ತಾನು ಏನು ಹೇಳಬೇಕಾಗುತ್ತದೋ ಎಂದು ಹೆದರಿ ಉಸುಕಿನ ಗುಪ್ಪೆಯ ಕಡೆ ನಡೆದಳು.

ಉಸುಕು ಪೂರ್ತಿ ಇತ್ತು, ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಅದನ್ನು ನೋಡುತ್ತ ನಿಂತಾಗಲೇ ಅವಳಿಗೆ ಆ ಯೋಚನೆ ಹೊಳೆದದ್ದು. ಮಣ್ಣು ಎಲ್ಲಿಗೆ ಹೋಗಿದೆ? ಕೆಳಗಿನ ಕೂಲಿಯವರ ಶೆಡ್ಡುಗಳಿಗೆ. ಎತ್ತುಗಳಾಗಿ ಕೂತಿದೆ. ಕೂತ ಎತ್ತನ್ನು ತೂಗಿದರೆ? ಪ್ರತಿ ಮನೆಯಿಂದ ಒಂದು ಚಿಟಿಕೆ ಹಸಿಮಣ್ಣು ತಂದು ಒಲೆಯಲ್ಲಿ ಒಣಗಿಸಿ ನೀರಿನ ಅಂಶ ಕಳೆದರೆ? ತೂಕ ಸಿಕ್ಕಿಬಿಟ್ಟರೆ ಮಳೆಯೂ ಸಿಕ್ಕಿತು. ಮಳೆ ಸಿಕ್ಕರೆ ಕಳೆದದ್ದೇನು? ಏನೂ ಕಳೆದಿಲ್ಲ ಎಂದಮೇಲೆ ಯಾರ ತಪ್ಪೂ ಇಲ್ಲ. ಸತೀಶನಿಗೆ ‘ಸರ್, ಎಲ್ಲ ಸರಿಹೋಯಿತು, ಆ ವಿಷಯ ಬಿಟ್ಟುಬಿಡಿ’ ಅನ್ನಬಹುದು. ಆ ಇನ್ನೊಂದು ವಾಕ್ಯ ಹೇಳುವ ಅಗತ್ಯವೇ ಬೀಳುವುದಿಲ್ಲ. ಇದು ಹೊಳೆದದ್ದೇ ತಡ, ಅವಳಿಗೆ ಮೈಯಲ್ಲಿ ಜೀವ ಬಂದಂತಾಯಿತು. ತಾಕಿನ ಪಕ್ಕದ ಸಂಸ್ಥೆಯ ಶೆಡ್ಡಿನಿಂದ ಸ್ಪ್ರಿಂಗ್ ತಕ್ಕಡಿ, ಬಟ್ಟೆಚೀಲ, ಚಿಕ್ಕ ಡಬ್ಬಿಗಳು ಎಲ್ಲ ಹೊರಗೆ ಬಂದವು. ಉಸುಕನ್ನು ಇಬ್ಬರೂ ಸೇರಿ ಚೀಲ ಚೀಲ ತೂಗಿ ಮುಗಿಸಿದರು. ಶೆಡ್ಡಿನ ಒಂದು ಮೂಲೆಯೇ ಗದಿಗೆಮ್ಮನ ಮನೆ. ಅಲ್ಲಿ ಹೆರಿಗೆಗೆಂದು ಬಂದ ಅವಳ ಮಗಳು ಉಮಾಶ್ರೀ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು, ದಿನ ತುಂಬಿದ ಹೊಟ್ಟೆ. ಮಳೆಮಾಪಕದ ಬೇಲಿಯ ಮೇಲೆ ಅವಳ ಸೀರೆ ಒಣಗಲು ಹಾಕಿದ್ದರು. ಬೇರೆ ದಿನವಾಗಿದ್ದರೆ ಅಹಲ್ಯಾ ಅದಕ್ಕೊಂದು ಮಾತು ಅನ್ನುತ್ತಿದ್ದಳು. ಇವತ್ತು ಸುಮ್ಮನೆ ಹಾದುಬಂದಳು.

ಇಳಿಜಾರು ಇಳಿಯುತ್ತ ಗದಿಗೆಮ್ಮ ತಕ್ಕಡಿ ಹೊತ್ತು ಮುಂದೆ, ಅಹಲ್ಯಾ ಹಿಂದೆ. “ನನ್ನ ಮ್ಯಾಲ ಸಿಟ್ಟೇನ್ರಿ?” ಎಂದು ಗದಿಗೆಮ್ಮ ತಿರುಗದೆಯೇ ಕೇಳಿದಳು. ಇಲ್ಲ ಅಂದಳು ಅಹಲ್ಯಾ. “ಸಾಹೇಬರಿಗೆ ಗೊತ್ತಾದರ ಬೈತಾರೇನ್ರಿ? ಮದ್ಲ ನನ್ನ ಕಾವಲಿಗೆ ಇಟ್ಟ ಆ ಏಜನ್ಸಿಯವ್ರು ಅಕ್ಕಡಿಂದ ಇಕ್ಕಡೆ, ಇಕ್ಕಡಿಂದ ಅಕ್ಕಡೆ ಹಾಕಾಕ ಕಾಯಾಕತ್ಯಾರ. ಮಗಳು ಹಡದು ಎದ್ದರ ಸಾಕಾಗೇತಿ ನನಗ.” ಅಹಲ್ಯಾಳಿಗೆ ರೇಗಿತು. ಇದನ್ನೆಲ್ಲ ಈಗ ಯಾಕೆ ಹೇಳಬೇಕು, ಯಾರು ಕೇಳಿದರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ಇಲ್ಲಿ ಕಳ್ಳ ಅನ್ನಿಸಿಕೊಂಡವಳಿಗೆ ಹೆಗಲ ಕಡೆ ಲಕ್ಷ್ಯವೇ ಇಲ್ಲ, ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿರುವವಳು ತಾನು. “ಜಾರುತ್ತೆ, ನೋಡಿಕೊಂಡು ಹೋಗು,” ಅಂದಳು ಗಡುಸಾಗಿ.

ಶೆಡ್ಡುಗಳ ಸಾಲು ಕಟ್ಟಡದ ಹಿಂದೆ ತಗಡು, ನೀಲಿ ಟಾರ್ಪಾಲು, ಪ್ಲೈವುಡ್ಡು ಏನು ಸಿಕ್ಕರೆ ಅದರಲ್ಲಿ ನಿಂತಿತ್ತು. ಎಲ್ಲ ರಾಯಚೂರು, ಯಾದಗಿರಿ ಕಡೆಯ ಮಂದಿ. ಇವತ್ತು ಕೆಲಸಕ್ಕೆ ರಜೆ ಹಾಕಿದ್ದರು. ಬೆಲ್ಲದ ಪಾಕದ ವಾಸನೆ ಬರುತ್ತಿತ್ತು. ಹುಸೇನಪ್ಪನೇ ಎದುರು ಬಂದ, ಸ್ನಾನ ಮಾಡಿ ಹಣೆಗೆ ವಿಭೂತಿ ಹಚ್ಚಿದ್ದ. “ಬರ್ರಿ ಬರ್ರಿ ಮೇಡಮ್ಮಾರ, ಪೂಜಿ ಹೊತ್ತಿಗೇ ಬಂದ್ರಿ. ನಿಮ್ಮ ದಯದಿಂದ ಈ ವರ್ಷ ಎತ್ತು ಛಲೋ ಆಗ್ಯಾವು. ಹ್ವಾದ ವರ್ಷ ಮೊರಮಿನಾಗ ಮಾಡಿದ್ವಿ, ಒಣಗೂದರಾಗ ಕೊಂಬು ಉದುರಿ ಎಮ್ಮಿ ಆಗಿದ್ವು.” ಹಿಂದೆ ನಿಂತವರು ನಕ್ಕರು. ಅಹಲ್ಯಾಳಿಗೆ ನಗು ಬರಲಿಲ್ಲ. ಅವಳ ಮೈಸೂರಿನಲ್ಲಿ ಈ ಹಬ್ಬವೇ ಇಲ್ಲ. ಮುಂದಿನ ತಿಂಗಳ ಭೀಮನ ಅಮಾವಾಸ್ಯೆ ಮಾತ್ರ ಗೊತ್ತು, ಗಂಡನ ಪಾದ ತೊಳೆಯುವುದು.

“ಎತ್ತುಗಳನ್ನ ತೂಗಬೇಕಿತ್ತು,” ಅಂದಳು.

“ತೂಗಾದ್ರಿ?” ಹುಸೇನಪ್ಪ ತಕ್ಕಡಿಯನ್ನೂ ಅವಳನ್ನೂ ನೋಡಿದ. “ಮಾರಾಟಕ್ಕಿಲ್ರಿ ಇವು.”

ಮತ್ತೆ ನಗು. ವಿವರಿಸಿದಳು. ಮಳೆ, ಇಳಿಜಾರು, ತೊಟ್ಟಿ, ತೂಕ. ಗುಡ್ಡ ಕಡಿದರೆ ಎಷ್ಟು ಮಣ್ಣು ಹೋಗುತ್ತದೆ, ಹೋದದ್ದು ಕೆರೆ ತುಂಬುತ್ತದೆ, ಹೂಳು ತುಂಬಿದ ಕೆರೆಯಲ್ಲಿ ನೀರಿಗೆ ಜಾಗವೆಲ್ಲಿ. ಹೇಳುತ್ತ ಹೇಳುತ್ತ ತನ್ನ ಮಾತು ಯಾರದೋ ಭಾಷಣದ ಹಾಗೆ ತನಗೇ ಕೇಳಿಸಿತು. ಅವರು ಶ್ರದ್ಧೆಯಿಂದ ಕೇಳಿಸಿಕೊಂಡರು. ಆ ಗುಡ್ಡ ಕಡಿದವರೂ ಇವರೇ, ಬೆಳಿಗ್ಗೆ ಅವಳು ಕೈಯಾಡಿಸಿದ ಗ್ರಾನೈಟನ್ನು ಕೂರಿಸಿದವರೂ ಇವರೇ ಇರಬಹುದು. “ಅಂದರ, ಹ್ವಾದ ಮಣ್ಣು ತೂಗೂದಕ್ಕ ನಿಮಗ ಪಗಾರ ಕೊಡ್ತಾರ,” ಎಂದ ಹುಸೇನಪ್ಪ, ಅವನ ದನಿಯಲ್ಲಿ ಕುಚೋದ್ಯವೇನೂ ಇರಲಿಲ್ಲ. ಅಹಲ್ಯಾ ಹೌದು ಅಂದಳು. “ಛಲೋ ಆತಲ್ರಿ ಮತ್ತ. ಇಲ್ಲಿ ಮಣ್ಣು ಹೋಗೂದಕ್ಕೇನ್ ಬರ ಇಲ್ಲ.”

ಮೊದಲು ಅವನ ಮನೆ. ಹಲಗೆಯ ಮೇಲೆ ಅರಿಶಿನ ಕುಂಕುಮ ಬಳಿದ ಜೋಡಿ ಎತ್ತು, ಕಣ್ಣಿಗೆ ಜೋಳದ ಕಾಳು, ಮುಂದೆ ಅದೇ ಮಣ್ಣಿನಲ್ಲಿ ಮಾಡಿದ ಮೇವಿನ ಗ್ವಾದಲಿ. ಮಣ್ಣು ನಿಜವಾಗಿಯೂ ಬೆಣ್ಣೆಯೇ. ನೀರು ಮೊದಲು ಒಯ್ಯುವುದು ನೆಲದ ಅತಿ ನುಣುಪಾದ, ಅತಿ ಫಲವತ್ತಾದ ಭಾಗವನ್ನೇ ಎಂದು ಬರೆಯುವುದೇನೋ ಬರೆದಿದ್ದಳು, ಹೀಗೆ ಮೈ ಬೆನ್ನು ಕಾಲು ಬಂದು ನಿಂತದ್ದನ್ನು ನೋಡಿರಲಿಲ್ಲ. ಹುಸೇನಪ್ಪ ಕೈಮುಗಿದು ಎತ್ತನ್ನು ಎತ್ತಿ ಚೀಲದೊಳಗೆ ಇಟ್ಟ. ಮುಳ್ಳು ನಿಂತಿತು. ಬರೆದುಕೊಳ್ಳುವಾಗ ಅವನು ಸಹಜವಾಗಿ ಅಂದ, “ಒಂದೀಟು ಸಿಮಿಟ ಕಲಸೀನ್ರಿ. ಗಟ್ಟಿ ಇರ್ಲಿ ಅಂತ.” ಅಹಲ್ಯಾ ತಲೆ ಹಿಡಿದುಕೊಂಡಳು. ಎಷ್ಟು ಸಿಮೆಂಟು? ಒಂದು ಬೊಗಸೆ. ಯಾರ ಬೊಗಸೆ? ಅವನ ಬೊಗಸೆಯನ್ನೇ ತರಿಸಿ ತೂಗಿದಳು. ಮುಂದಿನ ಮನೆಯಲ್ಲಿ ಬೂದಿ. ಅದರಾಚೆ ಸೋಸಿದ ಹೊಟ್ಟು. ಎಲ್ಲವನ್ನೂ ತೂಗಿ, ಕಳೆದು, ಬೆವರು ಒರೆಸಿಕೊಂಡು ನಡೆದಳು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಒಳಗೊಂದು ದನಿ ಅನ್ನುತ್ತಲೇ ಇತ್ತು. ಅದಕ್ಕೆ ಬಾಯಿ ಮುಚ್ಚು ಅಂದಳು. ಪ್ರಜ್ವಲನ ಗೆಳೆಯರು ಪಾರ್ಟಿಯಲ್ಲಿ ‘ಮೇಡಂ, ಮಣ್ಣಿಗೂ ಈಗ ಸಾಫ್ಟ್‌ವೇರ್ ಬಂದಿರಬೇಕಲ್ಲ’ ಎಂದಾಗ ನಕ್ಕು ಹೌದು ಅಂದಿದ್ದಳು. ಅವರೀಗ ನೋಡಬೇಕಿತ್ತು.

ಜಯಮ್ಮ ಎಂಬವಳ ಶೆಡ್ಡಿನಲ್ಲಿ ಕೆಲಸ ನಿಂತಿತು. ತೂಗಲು ಬಿಟ್ಟಳು; ಚಿಟಿಕೆ ಮಣ್ಣಿಗೆಂದು ಅಹಲ್ಯಾ ಎತ್ತಿನ ಹೊಟ್ಟೆಯ ಕೆಳಗೆ ಚಾಕು ಹಿಡಿದಾಗ ಕೈ ಅಡ್ಡ ಇಟ್ಟಳು. “ಪೂಜಿ ಆಗೇತ್ರಿ. ಚಿವುಟಬಾರದು.” ಚಾಕು ಹಿಡಿದ ತನ್ನ ಕೈ ಅಹಲ್ಯಾಳಿಗೆ ವಿಚಿತ್ರವಾಗಿ ಕಂಡಿತು. ಗದಿಗೆಮ್ಮ ಮುಂದೆ ಬಂದು ಜಯಮ್ಮನ ಮೊಣಕೈ ಹಿಡಿದು, “ಗ್ವಾದಲಿ ಕೊಡವಾ, ಅದಕ್ಕೇನ್ ಪೂಜಿ ಇಲ್ಲ. ಮೇಡಮ್ಮಾರ ನೌಕರಿ ಪ್ರಶ್ನೆ ಐತಿ, ಪಾಪ, ಬೆಳಗಿನಿಂದ ಊಟಾನೂ ಮಾಡಿಲ್ಲ ಅವರು,” ಅಂದಳು. ಜಯಮ್ಮ ಗ್ವಾದಲಿಯ ಅಂಚು ಮುರಿದುಕೊಟ್ಟಳು. ಆಮೇಲೆ ಎಲ್ಲ ಮನೆಗಳಲ್ಲೂ ಗ್ವಾದಲಿಯ ಅಂಚೇ ಸಿಕ್ಕಿತು, ಕೇಳುವ ಮೊದಲೇ ಸಿಕ್ಕಿತು. ಅಹಲ್ಯಾಳಿಗೆ ಗದಿಗೆಮ್ಮನ ಕೆನ್ನೆಗೆ ಹೊಡೆದುಬಿಡಬೇಕು ಅನ್ನಿಸಿತು. ನೌಕರಿ ಪ್ರಶ್ನೆ, ಪಾಪ. ಒಳ್ಳೆಯತನಕ್ಕೂ ಒಂದು ಮಿತಿ ಇರಬಾರದೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಾರಲ್ಲ, ಇಲ್ಲಿ ಎಮ್ಮೆ ತಾನೇ ಬಂದು ಎತ್ತಿನ ಹಣೆ ಮುಟ್ಟಿ ನೋಡುತ್ತಿದೆ. ಈಗ ಫೋನು ಮಾಡಿಬಿಡಲೇ ಎಂದು ಹೊರಗೆ ಬಂದಳು. ಸಿಗ್ನಲ್ ಇತ್ತು. ಸತೀಶನ ಹೆಸರು ತೆಗೆದಳು. ಆಗ ಗದಿಗೆಮ್ಮ ಒಳಗಿನಿಂದ, “ಇನ್ನ ಎರಡ ಮನಿ ಉಳದಾವ್ರಿ,” ಎಂದು ಕೂಗಿದಳು. ಎರಡು ಮನೆ ತಾನೆ, ಮುಗಿಸಿಯೇ ಮಾಡಿದರಾಯಿತು, ತೂಕದ ಸಮೇತ ಹೇಳಬಹುದು. ಫೋನನ್ನು ಒಳಗಿಟ್ಟಳು.

ಕೊನೆಯ ಮನೆ ಮುಗಿದಾಗ ಅವಳು ಒಂದು ಕಲ್ಲಿನ ಮೇಲೆ ಕೂತು ಕೂಡಿದಳು. ಉಸುಕು, ಎತ್ತು, ಗ್ವಾದಲಿ. ಕಳೆಯಬೇಕಾದದ್ದು ಸಿಮೆಂಟು, ಬೂದಿ, ಹೊಟ್ಟು. ತೊಳೆದ ನೀರಿನಲ್ಲಿ ಹೋಗಿರಬಹುದಾದದ್ದಕ್ಕೆ ಒಂದಿಷ್ಟು. ಹಸಿಯನ್ನು ಒಣಕ್ಕೆ ತಿರುಗಿಸಲು ಸದ್ಯಕ್ಕೊಂದು ಅಂದಾಜು ಹಾಕಿದಳು. ನೂರಾ ಎಂಬತ್ತು ಕಿಲೋದ ಆಸುಪಾಸು ಬಂತು. ನಂಬಲಿಲ್ಲ, ಮತ್ತೆ ಕೂಡಿದಳು. ಅಷ್ಟೇ. ಸುತ್ತ ಹೆಂಗಸರು ನಿಂತು ಅವಳ ಪೆನ್ನಿನ ತುದಿಯನ್ನೇ ನೋಡುತ್ತಿದ್ದರು. ಗದಿಗೆಮ್ಮ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು, ಡಾಕ್ಟರ ಮುಂದೆ ನಿಂತವಳ ಹಾಗೆ ನಿಂತಿದ್ದಳು. ಆಗ ಫೋನು ಬಂತು. ಸತೀಶ.

“ಅಹಲ್ಯಾ, ತಲೆ ಕೆಡಿಸ್ಕೋಬೇಡಿ, ಎಲ್ಲ ಮುಗಿಸಿದೀನಿ,” ಅಂದ. ಊಟ ಮಾಡಿ ಎದ್ದವನ ತೃಪ್ತಿ ದನಿಯಲ್ಲಿತ್ತು. “ನಿನ್ನೆ ಮಳೆ ಎಷ್ಟು ಬಿತ್ತು ಅಂತ ಗೊತ್ತಿದೆಯಲ್ಲ, ನಿಮ್ಮದೇ ಫಾರ್ಮುಲಾಕ್ಕೆ ಹಾಕಿ ತೂಕ ತುಂಬಿಬಿಟ್ಟೆ. ಯಾರು ಕೇಳ್ತಾರೆ? ಎಲ್ಲರೂ ಮಾಡೋದೇ. ಇನ್ನು ಆ ವಾಚ್‌ವುಮನ್ ವಿಷಯ. ಏಜೆನ್ಸಿಗೆ ಹೇಳಿದೀನಿ, ಅವಳ ಬದಲು ಸಂಜೆಗೆ ಬೇರೆಯವರನ್ನ ಕಳಿಸ್ತಾರೆ. ರೂಮೂ ಖಾಲಿ ಮಾಡಿಸ್ತಾರೆ. ನೀವು ಏನೂ ಬರೆದುಕೊಡೋದು ಬೇಡ, ನಿಮ್ಮ ಹೆಸರೇ ಬರಲ್ಲ.”

“ಸರ್,” ಅಂದಳು ಅಹಲ್ಯಾ.

“ಹೇಳಿ.”

ಎದುರಿಗೆ ಗದಿಗೆಮ್ಮ. ಫೋನಿನೊಳಗಿನ ದನಿ ಅವಳಿಗೆ ಕೇ‍ಳಿಸುವಂತಿರಲಿಲ್ಲ, ಕೇಳಿಸಿದರೂ ಬೆಂಗಳೂರಿನ ಆ ವೇಗದ ಕನ್ನಡ ಪೂರ್ತಿ ಹಿಡಿಯುತ್ತಿರಲಿಲ್ಲ. ವಾಕ್ಯ ಸಿದ್ಧವಾಗಿಯೇ ಇತ್ತು. ಬೆಳಗಿನಿಂದ ಬಾಯಲ್ಲಿಟ್ಟುಕೊಂಡು ನುಣ್ಣಗಾಗಿತ್ತು. ಅವಳು ಕಾಲ್ ಮಾಡಿದ್ದಳು ಸರ್, ನಾನೇ ನೋಡಲಿಲ್ಲ. ಈಗ ಅದರ ಜೊತೆಗೆ ಬೆಳಗ್ಗೆ ಯಾಕೆ ಹಾಗೆ ಹೇಳಿದಿರಿ ಅನ್ನುವುದಕ್ಕೂ ಉತ್ತರ ಕೊಡಬೇಕು. ಆ ಕಡೆ ಸತೀಶ ಕಾಯುತ್ತಿದ್ದ. “ಇನ್ನೇನಾದ್ರೂ ಇದೆಯಾ?” ಅಂದ.

“ಎಷ್ಟು ಬಂತು ಸರ್ ಅದು? ಫಾರ್ಮುಲಾದಲ್ಲಿ?”

“ಒಂದ್ನಿಮಿಷ… ನೂರಾ ಎಂಬತ್ತೆರಡು.”

ಅವಳ ಎದೆಯೊಳಗೆ ಏನೋ ಜಿಗಿಯಿತು. ನಾಲ್ಕು ವರ್ಷ ಕೂತು ಕಟ್ಟಿದ ಸೂತ್ರ. ಮಳೆಯ ಜೋರು, ಇಳಿಜಾರಿನ ಕೋನ, ಬೋಳು ನೆಲದ ಗುಣ ಎಲ್ಲ ಹಾಕಿ ಅದು ಹೇಳಿದ್ದು ನೂರಾ ಎಂಬತ್ತೆರಡು, ಇಲ್ಲಿ ಎತ್ತುಗಳು ಹೇಳಿದ್ದು ನೂರಾ ಎಂಬತ್ತು. ಸರಿ ಬಂದಿತ್ತು. ಈ ಊರಿನಲ್ಲಿ ಕಡಿದ ಯಾವ ಗುಡ್ಡಕ್ಕೆ ಬೇಕಾದರೂ ಇನ್ನು ಹಾಕಿ ಹೇಳಬಹುದು, ಯಾವ ಕೆರೆ ಎಷ್ಟು ವರ್ಷಕ್ಕೆ ತುಂಬುತ್ತದೆಂದು. ಸಂತೋಷ ಅನ್ನುವುದು ಇಷ್ಟು ನಾಚಿಕೆಯಿಲ್ಲದೆ ಬರುತ್ತದೆಂದು ಅವಳು ತಿಳಿದಿರಲಿಲ್ಲ. ಕಣ್ಣಲ್ಲಿ ನೀರು ಬಂತು. “ಥ್ಯಾಂಕ್ಸ್ ಸರ್,” ಅಂದುಬಿಟ್ಟಳು. ಸತೀಶ ಇಟ್ಟ.

“ಸಾಹೇಬರೇನ್ರಿ? ಏನಂದ್ರು?” ಗದಿಗೆಮ್ಮ ಒಂದು ಹೆಜ್ಜೆ ಮುಂದೆ ಬಂದಳು.

“ತೂಕ ಸರಿ ಬಂತು.”

“ಸರಿ ಬಂತ್ರಿ?” ಅವಳು ಹಿಂದೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು, “ತೂಕ ಸರಿ ಬಂತಂತ.” ಹುಸೇನಪ್ಪ ತಲೆಯಾಡಿಸಿದ. ಜಯಮ್ಮ ಹಲಗೆಯ ಮೇಲಿನ ಎತ್ತುಗಳಿಗೆ ಇನ್ನೊಮ್ಮೆ ಕೈಮುಗಿದಳು. ಗದಿಗೆಮ್ಮ ಮತ್ತೆ ಅಹಲ್ಯಾಳ ಕಡೆ ಬಗ್ಗಿ ದನಿ ಇಳಿಸಿದಳು. “ಹಂಗಾರ ನಂದೇನೂ ತಪ್ಪಿಲ್ಲಲ್ರಿ ಮೇಡಮ್ಮಾರ? ಸಾಹೇಬರಿಗೊಂದ ಮಾತು ಹೇಳ್ರಿ, ಈಕಿದೇನೂ ತಪ್ಪಿಲ್ಲಂತ. ಬೆಳಗಿನಿಂದ ಜೀವ ಹಿಡ್ಕೊಂಡು ನಿಮ್ಮ ಬೆನ್ನಹಿಂದ ತಿರಗಾಕತ್ತೀನಿ.”

“ಹೇಳಿದೆ,” ಅಂದಳು ಅಹಲ್ಯಾ.

ಗದಿಗೆಮ್ಮ ಬಾಗಿ ಅವಳ ಕಾಲು ಮುಟ್ಟಲು ಬಂದಳು. ಅಹಲ್ಯಾ ಹಿಂದೆ ಸರಿದಳು, ಕಲ್ಲು ತಡೆಯಿತು. ಎದ್ದ ಗದಿಗೆಮ್ಮ ಜಯಮ್ಮನ ತಾಟಿನಿಂದ ಒಂದು ಹೋಳಿಗೆ ತೆಗೆದು, ತುಪ್ಪ ಸುರಿಯುತ್ತಿದ್ದ ತುಂಡು ಮುರಿದು, ಎಲ್ಲರ ಎದುರಿಗೆ ತನ್ನ ಕೈಯಾರೆ ಅಹಲ್ಯಾಳ ಬಾಯಿಗೆ ಹಿಡಿದಳು. “ತಿನ್ರಿ, ಭಾಳ ಹಸದೀರಿ,” ಅಂದಳು. ಎಲ್ಲರೂ ನೋಡುತ್ತಿದ್ದರು. ಅಹಲ್ಯಾ ಬಾಯಿ ತೆರೆದಳು. ಹೋಳಿಗೆ ಬಿಸಿಯಾಗಿತ್ತು, ಬೆಲ್ಲ ತುಸು ಹೆಚ್ಚಾಗಿತ್ತು. ನಿಧಾನವಾಗಿ ಅಗಿದು ನುಂಗಿದಳು.

“ಹೆಂಗ ಆಗೇತ್ರಿ?”

“ಚೆನ್ನಾಗಿದೆ,” ಅಂದಳು.